ಸುಮ್ನೆ ಕೂರೋ ಕೆಲಸ

ಪವರ್‌ಬೋಟ್ ರೇಸಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಸುಮ್ನೆ ಕೂರೋದು ಅಂದ್ರೆ ನಂಬ್ತೀರಾ? 2018ರ ನವೆಂಬರಿನಲ್ಲಿ ವಿಜಯವಾಡದ ಹತ್ತಿರ ಕೃಷ್ಣಾ ನದಿಯಲ್ಲಿ ಫಾರ್ಮುಲಾ ಒನ್ ಪವರ್‌ಬೋಟ್ ರೇಸ್ ನಡೀತು. ಬೆಂಗಳೂರಿಂದ ನಾವು ನಾಲ್ಕು ಜನ ರಾತ್ರಿ ರೈಲು ಹಿಡಿದು ಹೋಗಿದ್ವಿ. ಗೆಳೆಯರೆಲ್ಲ ರೇಸ್ ದೋಣಿಗಳ ವಿಡಿಯೊ ಮಾಡ್ತಿದ್ರೆ, ನನ್ನ ಕಣ್ಣು ಪಕ್ಕದಲ್ಲಿ ನಿಂತಿದ್ದ ರೆಸ್ಕ್ಯೂ ಬೋಟುಗಳ ಮೇಲೆ. ತಿಂಗಳಲ್ಲಿ ಒಂದು ವಾರ ಆನ್‌ಕಾಲ್ ಡ್ಯೂಟಿ ಮಾಡೋ ನನಗೆ ಅವರು ನಮ್ಮ ಪೈಕಿಯವರ ಹಾಗೇ ಕಂಡ್ರು. ನಾವಾದ್ರೆ ಲ್ಯಾಪ್‌ಟಾಪನ್ನು ತಲೆದೆಸೆಗಿಟ್ಟು ಮಲಗ್ತೀವಿ. ಇವರು ವೆಟ್‌ಸೂಟ್ ತೊಟ್ಟು ಬಿಸಿಲಲ್ಲಿ ಬೇಯ್ತಾ ಕೂತಿದ್ರು.

ಆ ದೋಣಿಗಳ ತೂಕ ಸುಮಾರು 400 ಕೆ.ಜಿ., ವೇಗ ಗಂಟೆಗೆ 200 ಕಿ.ಮೀ. ದಾಟುತ್ತೆ, ಬ್ರೇಕು ಮಾತ್ರ ಇಲ್ಲ. ಅಡಿಯಲ್ಲಿ ನುಗ್ಗೋ ಗಾಳಿಯೇ ದೋಣಿಯನ್ನು ಎತ್ತಿ ಹಿಡಿಯೋದು. ಮೂತಿ ಸ್ವಲ್ಪ ಜಾಸ್ತಿ ಮೇಲೆದ್ದರೆ ಅದೇ ಗಾಳಿ ದೋಣಿಯನ್ನು ಹಿಂದಕ್ಕೆ ಮಗುಚಿ ಹಾಕುತ್ತೆ. ಆಗ ಚಾಲಕ ತಲೆಕೆಳಗಾಗಿ, ಬೆಲ್ಟ್ ಬಿಗಿದ ಹಾಗೇ, ನೀರೊಳಗೆ. ಕಾಕ್‌ಪಿಟ್ ಗಟ್ಟಿ ಚಿಪ್ಪಿನ ಹಾಗಿರುತ್ತೆ, ಮಗುಚಿದ ಕಾಕ್‌ಪಿಟ್ಟಿನಿಂದ ಹೊರಬರೋ ಪರೀಕ್ಷೆ ಪಾಸಾಗದೆ ರೇಸಿಗೆ ಬಿಡಲ್ಲ, ಎಲ್ಲ ಸರಿ. ಆದ್ರೆ ಪ್ರಜ್ಞೆ ತಪ್ಪಿದವನು ಯಾವ ಪರೀಕ್ಷೆ ನೆನಪಿಟ್ಕೊಳ್ತಾನೆ? ಉಸಿರು ನಿಂತ ನಾಲ್ಕೈದು ನಿಮಿಷದಲ್ಲಿ ಮಿದುಳು ಸಾಯೋಕೆ ಶುರುವಾಗುತ್ತೆ.

ಅದಕ್ಕೇ ಇವರು ದಡದಲ್ಲಿ ಕಾಯಲ್ಲ, ನೀರಲ್ಲೇ ಕಾಯ್ತಾರೆ. ಮಗುಚಿದ ತಕ್ಷಣ ಇವರು ಹೊರಡ್ತಾರೆ. ಬೋಟ್ ನಡೆಸೋನು ಜೋರಾಗಿ ಬಂದು ಕೊನೆಯಲ್ಲಿ ವೇಗ ಇಳಿಸ್ಬೇಕು, ಇಲ್ಲಾಂದ್ರೆ ಅವನೆಬ್ಬಿಸಿದ ಅಲೆಯೇ ಕಾಕ್‌ಪಿಟ್ಟಿಗೆ ಬಡಿಯುತ್ತೆ. ಡೈವರ್ ನೀರಿಗಿಳಿದ ಮೇಲೆ ಅವನ ಹತ್ತಿರ ಪ್ರೊಪೆಲ್ಲರ್ ತಿರುಗೋ ಹಾಗಿಲ್ಲ. ಡೈವರ್‌ಗಳು ಬೆಲ್ಟ್ ಬಿಡಿಸಿ, ಕುತ್ತಿಗೆ ಅಲುಗದ ಹಾಗೆ ಹಿಡಿದು, ಹಲಗೆಯ ಮೇಲೆ ಮಲಗಿಸಿ ಎತ್ತಬೇಕು. ದೋಣಿಯ ಗತಿ ಏನಾಯ್ತು ಅನ್ನೋದು ಆಮೇಲಿನ ಮಾತು.

ನಮ್ಮೂರೂ ಕೃಷ್ಣೆಯ ದಡದ್ದೇ, ಬಾಗಲಕೋಟೆ ಕಡೆ. ಹೊಳಿಯಾಗ ಯಾರಾದ್ರೂ ಮುಳುಗಿದ್ರೆ ಜನ ಓಡಿಬರೋದು ನಮ್ಮ ಕಾಕಾನ ಹತ್ತಿರ. ಆತ ಹೊಲದಿಂದ ಬರೋಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತೆ. ಆತ ಎತ್ತಿದ್ದೆಲ್ಲ ಹೆಣಗಳನ್ನೇ. ಎಷ್ಟು ಅಂತ ನಾವ್ಯಾರೂ ಕೇಳಿಲ್ಲ, ಆತನೂ ಹೇಳಿಲ್ಲ.

ಹಬ್ಬಕ್ಕೆ ಹೋದಾಗ ಆತನಿಗೆ ರೇಸಿನ ವಿಡಿಯೊ ತೋರಿಸ್ದೆ. ರೇಸ್ ದೋಣಿ ಬಿಟ್ಟು, ಮೂಲೆಯಲ್ಲಿ ಕಂಡ ರಬ್ಬರ್ ಬೋಟಿನ ಮೇಲೆ ಬೆರಳಿಟ್ಟ.

‘ಇವ್ರು ಯಾಕ ಕುಂತಾರೊ ತಮ್ಮಾ?’

‘ಯಾರರ ಮುಳುಗಿದ್ರ ಎತ್ತಾಕ.’

‘ಮುಳುಗೂಕಿಂತ ಮೊದ್ಲ ಬಂದು ಕುಂತಾರ?’

‘ಹೂಂ ಕಾಕಾ. ಪಗಾರಾನೂ ಕೊಡ್ತಾರ.’

ಆತ ಫೋನ್ ವಾಪಸ್ ಕೊಡಲಿಲ್ಲ. ಅದೇ ವಿಡಿಯೊ ಇನ್ನೂ ಎರಡು ಸಲ ನೋಡಿದ.

ಬೆಂಗಳೂರಿಗೆ ಬಂದವನು ನಾಲ್ಕು ಲೈಫ್ ಜಾಕೆಟ್, ಒಂದು ಉದ್ದ ಹಗ್ಗ ಊರಿಗೆ ಕಳಿಸ್ದೆ. ವಾರ ಬಿಟ್ಟು ಕಾಕಾನ ಫೋನ್ ಬಂತು: ‘ಜಾಕೆಟ್ ಏನೋ ಬಂದ್ವು. ಕುಂದ್ರಾವ್ರು ಯಾರು?’ ಸಂಕ್ರಾಂತಿ ದಿನ ಹೊಳಿ ಜಳಕಕ್ಕೆ ಸುತ್ತಲಿನ ಊರಿನ ಜನವೆಲ್ಲ ಸೇರ್ತಾರೆ. ಅವತ್ತಿಗೆ ಅಂತ ಈಜು ಬಲ್ಲ ಇಬ್ಬರು ಹುಡುಗರನ್ನು ಆತನೇ ಗೊತ್ತು ಮಾಡಿದ್ದಾನೆ. ಬೆಳಿಗ್ಗೆ ಐದಕ್ಕೇ ತೆಪ್ಪದಲ್ಲಿ ಕೂರಬೇಕು, ಮಧ್ಯಾಹ್ನದವರೆಗೆ ಏಳೋ ಹಾಗಿಲ್ಲ. ಕೂಲಿ ನನ್ನದು, ಚಹಾ ಕಾಕಾನದು.