ಇಬ್ಬನಿ ಬಿದ್ದ ಮೇಲೆ ಕಟ್ಟಿದ ಹುಲ್ಲು

ಡಿಸೆಂಬರ್ ತಿಂಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ನಾಳೆ ಮಳೆ ಅಂತ ಎಲ್ಲರ ಮೊಬೈಲಿಗೂ ಬಂದಿತ್ತು. ಮಲೇಬೆನ್ನೂರಿನ ಹತ್ತಿರ ಭದ್ರಾ ನಾಲೆಯ ಗದ್ದೆಗಳಲ್ಲಿ ಕಟಾವು ಮಷಿನ್ ಬಿಟ್ಟುಹೋದ ಭತ್ತದ ಹುಲ್ಲು ಸಾಲುಸಾಲಾಗಿ ಬಿದ್ದಿತ್ತು. ನನ್ನದು ಚೌಕ ಪೆಂಡಿ ಕಟ್ಟುವ ಬೇಲರ್. ಬಾಡಿಗೆ ಪೆಂಡಿ ಲೆಕ್ಕದಲ್ಲಿ. ಹಾಗಾಗಿ ಹುಲ್ಲಿನ ಮಾಲೀಕ ಗೌಡ್ರು ಮೊದಲೇ ಹೇಳಿದ್ದರು: "ಗಟ್ಟಿ ಕಟ್ಟಪ್ಪ, ಗಾಳಿ ತುಂಬಿಸಿ ಎಣಿಕೆ ಹೆಚ್ಚು ಮಾಡಬ್ಯಾಡ."

ಮಧ್ಯಾಹ್ನ ಹುಲ್ಲು ಗರಿಗರಿ ಒಣಗಿತ್ತು. ಬೇಲರಿನೊಳಗೆ ಪ್ಲಂಜರ್ ನಿಮಿಷಕ್ಕೆ 80-100 ಸಲ ಗುದ್ದಿ ಹುಲ್ಲನ್ನು ಹಿಂದಕ್ಕೆ ತಳ್ಳುತ್ತೆ. ಹೊರಬೀಳುವ ಕಡೆ ಕಬ್ಬಿಣದ ಪಟ್ಟಿಗಳನ್ನು ಸ್ಪ್ರಿಂಗುಗಳು ಅಮುಕಿ ಹಿಡಿದಿರುತ್ತವೆ. ಆ ಇಕ್ಕಟ್ಟಿನಲ್ಲಿ ಮುಂದಿನ ಪೆಂಡಿ ಎಷ್ಟು ಉಜ್ಜಿಕೊಂಡು ಹೋಗುತ್ತೋ ಹಿಂದಿನದು ಅಷ್ಟು ಬಿಗಿ. ಒಣಹುಲ್ಲು ಉಜ್ಜದೆ ಜಾರಿಬಿಡುತ್ತೆ. ಎರಡೂ ಕಡೆಯ ಹಿಡಿಗಳನ್ನು ಸಮಸಮ ತಿರುಗಿಸಿ ಬಿಗಿ ಮಾಡುತ್ತಾ ಹೋದೆ. ಒಂದು ಕಡೆ ಹೆಚ್ಚಾದರೆ ಪೆಂಡಿ ಸೊಟ್ಟಗೆ ಬರುತ್ತೆ, ಲಾರಿಯಲ್ಲಿ ಪೇರಿಸಿದರೆ ನಿಲ್ಲೋದಿಲ್ಲ.

ಸಂಜೆ ಇಬ್ಬನಿ ಇಳಿಯಿತು ನೋಡಿ, ಆಗ ಶುರುವಾಯಿತು. ಹಸಿಯಾದ ಹುಲ್ಲು ಪಟ್ಟಿ ಬಿಟ್ಟು ಕದಲದೆ ಪೆಂಡಿ ಕಲ್ಲಾಯಿತು. ಒಂದೊಂದು ಗುದ್ದಿಗೂ ಟ್ರ್ಯಾಕ್ಟರ್ ಹಿಂದೆ ಮುಂದೆ ಜಗ್ಗತೊಡಗಿತು. ಹುರಿ ಕಿತ್ತು ಗಂಟು ಹಾಕುವ ಕೊಕ್ಕಿಗೆ ಸುತ್ತಿಕೊಂಡಿತು. ಬಿಡಿಸಿ ಹೊರಟರೆ ಶಿಯರ್ ಬೋಲ್ಟ್ ತುಂಡು. ತುಂಡಾಗಲಿ ಅಂತಲೇ ಇಟ್ಟಿರುವ ಬೋಲ್ಟು ಅದು. ಅದು ಹೋಗದಿದ್ದರೆ ಗೇರ್‌ಬಾಕ್ಸ್ ಹೋಗುತ್ತೆ. ಪಕ್ಕದ ಗದ್ದೆಯವರು ಅದಕ್ಕಿಂತ ಗಟ್ಟಿ ಬೋಲ್ಟ್ ತಂದುಕೊಟ್ಟರು. ಜೇಬಿಗೆ ಹಾಕಿಕೊಂಡೆ, ಮಷಿನ್ನಿಗೆ ಹಾಕಲಿಲ್ಲ.

ದುಡಿತಕ್ಕಿಂತ ಕಾಯುವುದೇ ಹಿಂಸೆ. ಟ್ರ್ಯಾಕ್ಟರಿನಿಂದ ಬೇಲರಿಗೆ ಶಕ್ತಿ ಕೊಡುವ ಪಿಟಿಒ ಬಿಡಿಸಿದರೂ ಆ ಭಾರದ ಫ್ಲೈವೀಲ್ ತಿರುಗುತ್ತಲೇ ಇರುತ್ತೆ. ಪೂರ್ತಿ ನಿಲ್ಲುವವರೆಗೆ ಯಾರೂ ಹತ್ತಿರ ಹೋಗುವ ಹಾಗಿಲ್ಲ. ಪ್ರತಿ ಸಲವೂ ಅಷ್ಟೇ. ಅಷ್ಟರಲ್ಲಿ ನಕ್ಷತ್ರ ಒಂದೂ ಕಾಣದಷ್ಟು ಮೋಡ ಕವಿದಿತ್ತು, ಎದುರಿಗೆ ಮುಗಿಯದ ಸಾಲು, ನಾವು ಚಕ್ರ ನೋಡುತ್ತಾ ನಿಂತಿದ್ದೇವೆ. "ಅಣ್ಣಾ, ನಿಧಾನ ಆಗೈತಿ, ಕೈ ಹಾಕ್ಲಾ?" ಅಂದ ಜೊತೆಯ ಹುಡುಗ. ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸ್ಪ್ರಿಂಗ್ ಸಡಿಲ ಮಾಡಿದೆ. ಗೌಡ್ರು ಬ್ಯಾಟರಿ ಬಿಟ್ಟುಕೊಂಡು ಬಂದರು. "ಈಗ್ಯಾಕೆ ಸಡಿಲ ಬಿಡ್ತೀಯ? ಎಣಿಕೆಗೋ?" ಮಾತಾಡುವ ಶಕ್ತಿ ಇರಲಿಲ್ಲ. ಮಧ್ಯಾಹ್ನದ್ದೊಂದು, ಆಗಿನದ್ದೊಂದು ಪೆಂಡಿ ಅವರ ಕೈಗೇ ಕೊಟ್ಟೆ. ಸಡಿಲ ಕಟ್ಟಿದ್ದೇ ಹೆಚ್ಚು ಭಾರ ಇತ್ತು. "ನೀರಿನ ತೂಕ ಗೌಡ್ರೆ," ಅಂದೆ. ತೇವ ನೂರಕ್ಕೆ 20 ದಾಟಿದ ಹುಲ್ಲನ್ನು ಬಿಗಿದು ಕಟ್ಟಿದರೆ ಒಳಗೇ ಕಾವು ಏರಿ ಬೂಷ್ಟು ಹಿಡಿಯುತ್ತೆ. ಒತ್ತಾಗಿ ಒಟ್ಟಿದರೆ ಬೆಂಕಿಯೂ ಹತ್ತಬಹುದು. ಹುಲ್ಲಿನ ವ್ಯಾಪಾರ ಬಲ್ಲವರು ಅವರು, ಮುಂದೆ ಮಾತು ಬೆಳೆಸಲಿಲ್ಲ. ಉಳಿದ ಸಾಲುಗಳನ್ನು ಬಿಟ್ಟು ನಿಲ್ಲಿಸಿದೆವು.

ಬೆಳಗಿನ ಜಾವ ಮಳೆ ಬಂತು. ಬಿಟ್ಟ ಸಾಲುಗಳು ಗದ್ದೆಯಲ್ಲೇ ಕೊಳೆತವು. ರಾತ್ರಿಯ ಪೆಂಡಿಗಳನ್ನು ಬಣವೆಗೆ ಸೇರಿಸದೆ ಕೊಟ್ಟಿಗೆಯ ಜಗಲಿ ಮೇಲೆ ಬಿಡಿಬಿಡಿಯಾಗಿ ನಿಲ್ಲಿಸಿದೆವು. ಎರಡು ದಿನ ಬಿಟ್ಟು ಕೈ ತೂರಿಸಿ ನೋಡಿದರೆ ಸಡಿಲ ಕಟ್ಟಿದವು ಬೆಚ್ಚಗಿದ್ದವು, ಅಷ್ಟೇ. ಸ್ಪ್ರಿಂಗ್ ಸಡಿಲಿಸುವ ಮುಂಚೆ ಬಂದವುಗಳೊಳಗೆ ಕೈ ಇಡಲಾಗಲಿಲ್ಲ. ಅವುಗಳ ಹುರಿ ಕೊಯ್ದು ಹರವಿದೆವು. ಅವುಗಳ ಬಾಡಿಗೆ ನಾನು ಕೇಳಲಿಲ್ಲ, ಗೌಡ್ರು ಕೊಡಲೂ ಇಲ್ಲ.