ಹೊರಗೆ ನಿಲ್ಲಿಸಿದ ಹುಡುಗಿ

ಮಳೆ ನಿಂತು ಬಿಸಿಲು ಬಿತ್ತೆಂದರೆ ಮೊದಲು ತಿಳಿಯುವುದು ನನ್ನ ಮೂಗಿಗೆ. ರಂಗೋಲಿ ಹಾಕಲು ಬಾಗಿಲು ತೆಗೆದರೆ ಸಾಕು, ಸಾಲಾಗಿ ಎಂಟು ಒಂಬತ್ತು ಸೀನು. ಒಂಟಿ ಸೀನು ಅಪಶಕುನ ಎನ್ನುತ್ತಿದ್ದ ನಮ್ಮತ್ತೆಯೂ ಈಗ ಲೆಕ್ಕ ಬಿಟ್ಟಿದ್ದಾರೆ.

ಬೆಂಗಳೂರಿಗೆ ವರ್ಗವಾಗಿ ಬಂದ ಹೊಸದರಲ್ಲಿ ನೆಗಡಿಯೆಂದು ಮೆಣಸಿನ ಕಷಾಯ ಕುಡಿದೆ. ಆಮೇಲೆ ಬೀದಿಯ ಹೂಮರಗಳನ್ನೆಲ್ಲ ಶಪಿಸಿದೆ. ಡಾಕ್ಟರು ನಕ್ಕರು. "ಚೆಂದದ ಹೂವಿನ ಪರಾಗವನ್ನು ಜೇನುನೊಣ ಹೊರುತ್ತದೆ, ಅದು ಗಾಳಿಗೆ ಹಾರುವುದು ಕಡಿಮೆ. ನಿಮ್ಮ ಪಕ್ಕದ ಖಾಲಿ ಸೈಟು ನೋಡಿ" ಎಂದರು.

ನೋಡಿದೆ. ಎದೆಯೆತ್ತರದ ಕಾಂಗ್ರೆಸ್ ಗಿಡ, ಮೈತುಂಬ ಬಿಳಿ ಹೂವು. ಅಮೆರಿಕ ಖಂಡದ ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಗೋಧಿಯ ಜೊತೆ ಬಂತೆನ್ನುತ್ತಾರೆ. ಇದನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲೇ ಮೆಕ್ಸಿಕೋದ ಜೀರುಂಡೆ ಬಿಟ್ಟರು. ಗಿಡ ಮಾತ್ರ ಮುಗಿದಿಲ್ಲ.

ಆಗ ನೆನಪಾದಳು, ಹಿಂದಿನ ಊರಿನ ಶಾಲೆಯ ಏಳನೇ ತರಗತಿಯ ಒಬ್ಬ ಹುಡುಗಿ. ಸೀನಿ ಸೀನಿ ಪಾಠ ಕೆಡಿಸುತ್ತಾಳೆಂದು ಅವಳನ್ನು ಜಗಲಿಯಲ್ಲಿ ನಿಲ್ಲಿಸಿದ್ದೆ. ಜಗಲಿಯ ಕೆಳಗೆ ಇದೇ ಗಿಡ. "ಇಲ್ಲಿ ಇನ್ನೂ ಜಾಸ್ತಿ ಬರುತ್ತೆ ಟೀಚರ್" ಎಂದಿದ್ದಳು. ಎದುರುತ್ತರ ಕೊಡಬೇಡ ಎಂದು ಗದರಿದ್ದೆ.

ಈಗ ಬೆಳಗಿನ ಹೊತ್ತು ಕಿಟಕಿ ಮುಚ್ಚಿಡುತ್ತೇನೆ. ಹೊರಗಿಂದ ಬಂದೊಡನೆ ಮುಖ ತೊಳೆಯುತ್ತೇನೆ, ದಿಂಬಿನ ಚೀಲ ಒಳಗೇ ಒಣಗಿಸುತ್ತೇನೆ. ಪಕ್ಕದ ಸೈಟಿನ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸುತ್ತೇನೆ; ಕೀಳುವವರ ಕೈಗೆ ಗವಸು ಕೊಡಲು ಮರೆಯುವುದಿಲ್ಲ, ಬರಿಗೈಗೆ ತುರಿಕೆ ಹತ್ತೀತು.

ತರಗತಿಯಲ್ಲಿ ಯಾರಾದರೂ ಸೀನಿದರೆ ಕಿಟಕಿಯಿಂದ ದೂರದ ಬೆಂಚಿಗೆ ಕಳಿಸುತ್ತೇನೆ. ಹೊರಗಂತೂ ಯಾರನ್ನೂ ನಿಲ್ಲಿಸುವುದಿಲ್ಲ.