ಬಾಸ್ಟನ್ನಿನ ಇಟಲಿ ಕೇರಿಯಲ್ಲಿ

ಅಮೆರಿಕದ ಬಾಸ್ಟನ್ನಿಗೆ ಹೋದವರು ಸಾಮಾನ್ಯವಾಗಿ ಹಾರ್ವರ್ಡ್ ನೋಡಿಕೊಂಡು ಬರುತ್ತಾರೆ. ಮಗನ ಮನೆಯಲ್ಲಿದ್ದ ಮೂರು ತಿಂಗಳಲ್ಲಿ ನಾನು ಮತ್ತೆ ಮತ್ತೆ ಹೋದದ್ದು ಮಾತ್ರ ನಾರ್ತ್ ಎಂಡ್ ಎಂಬ ಹಳೆಯ ಕೇರಿಗೆ. ಜೊತೆಗೆ ಹತ್ತು ವರ್ಷದ ಮೊಮ್ಮಗಳು.

ಹೇಮಾರ್ಕೆಟ್ ನಿಲ್ದಾಣದಲ್ಲಿ ರೈಲಿಳಿದು ಒಂದು ಉದ್ದನೆಯ ಉದ್ಯಾನ ದಾಟಿದರೆ ಆ ಕೇರಿ ಶುರು. ಇಕ್ಕಟ್ಟು ಬೀದಿಗಳು, ಕೆಂಪು ಇಟ್ಟಿಗೆಯ ಮನೆಗಳು. 1680ರ ಸುಮಾರಿನ ಒಂದು ಮರದ ಮನೆ ಇನ್ನೂ ನಿಂತಿದೆ. ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪಾಲ್ ರಿವೀರ್ ಅಲ್ಲಿ ವಾಸವಾಗಿದ್ದ. ಇಂಗ್ಲಿಷರ ನಂತರ ಐರಿಷರು, ಯಹೂದಿಗಳು ಬಂದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಇಟಲಿಯ ಬಡ ಹಳ್ಳಿಗಳ ಜನ ಹಡಗು ಹತ್ತಿ ಬಂದು ಇಲ್ಲಿ ನೆಲೆಸಿದರು. ಒಂದೊಂದು ಊರಿನವರು ಒಂದೊಂದು ಬೀದಿ ಹಿಡಿದರು. ನಮ್ಮವರು ಮುಂಬೈಗೆ ಹೋದಾಗ ಮಾಡಿದ್ದೂ ಅದನ್ನೇ ಅಲ್ಲವೆ?

ಹನೋವರ್ ಬೀದಿಯ ತುಂಬ ಊಟದ ಹೋಟೆಲುಗಳು. ನಾವು ಹೋದದ್ದು ಹತ್ತೇ ಮೇಜುಗಳ ಪುಟ್ಟ ಜಾಗಕ್ಕೆ. ಮೆನು ನೋಡಿ ಮಕ್ಕಳು ನಗಬಹುದು. ಓರೆಕ್ಕಿಯೆತ್ತೆ ಎಂದರೆ ಪುಟ್ಟ ಕಿವಿಗಳು, ಫಾರ್ಫಾಲೆ ಎಂದರೆ ಚಿಟ್ಟೆಗಳು. ನಾವು ಶಾವಿಗೆ ಪೊಟ್ಟಣದ ಮೇಲೆ ಓದುವ ವರ್ಮಿಸೆಲ್ಲಿ ಕೂಡ ಇಟಲಿಯ ಮಾತೇ, ಅದರ ಅರ್ಥ ಪುಟ್ಟ ಹುಳುಗಳು! ಮೊಮ್ಮಗಳು ಅಂದಿನಿಂದ ಉಪ್ಪಿಟ್ಟನ್ನು ಅನುಮಾನದಿಂದ ನೋಡುತ್ತಾಳೆ.

ನಾವು ಕಿವಿಗಳನ್ನು ತರಿಸಿದೆವು. ಟೊಮೆಟೊ, ಬೆಳ್ಳುಳ್ಳಿ, ಸೊಪ್ಪು, ಮೇಲೆ ಆಲಿವ್ ಎಣ್ಣೆ. ಸಸ್ಯಾಹಾರಿಗಳು ಸ್ವಲ್ಪ ವಿಚಾರಿಸಿಯೇ ತಿನ್ನಬೇಕು. ಕೆಲವು ಸಾರುಗಳಲ್ಲಿ ಪುಟ್ಟ ಮೀನು ಕರಗಿರುತ್ತದೆ. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ. ನಾನು ಕೇಳಿದಾಗ ಬಡಿಸುವ ಹುಡುಗ ಬೇಸರಪಡದೆ ಒಳಗೆ ಹೋಗಿ ವಿಚಾರಿಸಿ ಬಂದ.

ಸಿಹಿಗೆ ಮಿಠಾಯಿ ಅಂಗಡಿಯಲ್ಲಿ ಸರದಿ ನಿಲ್ಲಬೇಕು. ಕನ್ನೋಲಿ ಎಂಬುದು ನಮ್ಮ ಕರ್ಜಿಕಾಯಿಯ ದೂರದ ನಂಟ ಎನ್ನಬಹುದು: ಕರಿದ ಗರಿಗರಿ ಕೊಳವೆಯೊಳಗೆ ರಿಕೋಟಾ ಎಂಬ ಸಿಹಿ ಗಿಣ್ಣಿನಂಥ ಹೂರಣ. ಮೆತ್ತಗಾಗಬಾರದೆಂದು ನಾವು ಕೇಳಿದ ಮೇಲೆಯೇ ತುಂಬಿಸಿ ಕೊಡುತ್ತಾರೆ. ಹಳೆಯ ಪದ್ಧತಿಯಲ್ಲಿ ಕೊಳವೆಗೆ ಹಂದಿಯ ಕೊಬ್ಬು ಬಳಸುತ್ತಾರೆ; ಅದನ್ನೂ ಕೇಳಿಕೊಂಡೇ ಕೊಂಡೆವು.

ಡಬ್ಬಿ ಹಿಡಿದು ಕಡಲ ದಂಡೆಯ ಉದ್ಯಾನಕ್ಕೆ ನಡೆದೆವು. ಅಲ್ಲೊಂದು ಚಿಕ್ಕ ಫಲಕವಿದೆ. 1919ರ ಜನವರಿ 15ರ ಮಧ್ಯಾಹ್ನ ಅಲ್ಲಿದ್ದ ಐವತ್ತು ಅಡಿ ಎತ್ತರದ ಕಾಕಂಬಿಯ ತೊಟ್ಟಿ ಒಡೆಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಸುಮಾರು 23 ಲಕ್ಷ ಗ್ಯಾಲನ್ ಪಾಕ ಅಲೆಯಾಗಿ ಬೀದಿಗೆ ನುಗ್ಗಿತು. 21 ಜನ ಸತ್ತರು, ಅವರಲ್ಲಿ ಇಬ್ಬರು ಹತ್ತು ವರ್ಷದ ಮಕ್ಕಳು. ತೊಟ್ಟಿ ಮೊದಲಿನಿಂದಲೂ ಸೋರುತ್ತಿತ್ತು. ಕೇರಿಯ ಮಕ್ಕಳು ಡಬ್ಬಿ ಹಿಡಿದು ಸೋರಿದ್ದನ್ನು ಮನೆಗೆ ಒಯ್ಯುತ್ತಿದ್ದರು. ಮಾಲೀಕರು ದುರಸ್ತಿ ಮಾಡದೆ, ಸೋರಿಕೆ ಕಾಣದಂತೆ ಕಂದು ಬಣ್ಣ ಬಳಿಸಿದ್ದರು. ಮೊಮ್ಮಗಳು ಫಲಕವನ್ನು ಎರಡು ಸಲ ಓದಿದಳು. ಕೈಯ ಕನ್ನೋಲಿ ಹಾಗೇ ಉಳಿಯಿತು.

ಪಕ್ಕದಲ್ಲೇ ಹಿರಿಯರು ಬಾಚೆ ಆಡುತ್ತಿದ್ದರು. ಗೋಲಿಯಾಟದ ಹಾಗೆಯೇ, ಆದರೆ ಗುಂಡು ತೆಂಗಿನಕಾಯಿಯಷ್ಟು ದಪ್ಪ. ಆಟ ಮುಗಿಸಿದ ಒಬ್ಬರು ನಮ್ಮ ಬೆಂಚಿಗೆ ಬಂದರು. ಚಿಕ್ಕಂದಿನಲ್ಲಿ ತಾಯಿಯ ಜೊತೆ ಬಂದವರಂತೆ. ಈಗ ಬಾಡಿಗೆ ಏರಿ ಮಕ್ಕಳೆಲ್ಲ ಊರಾಚೆ ಮನೆ ಮಾಡಿದ್ದಾರೆ, ಭಾನುವಾರ ಊಟಕ್ಕೆ ಬರುತ್ತಾರೆ. "ಮೊಮ್ಮಕ್ಕಳಿಗೆ ಇಟಲಿಯ ಮಾತು ಬರುತ್ತದೆಯೇ?" ಎಂದೆ. "ತಿಂಡಿಗಳ ಹೆಸರು ಬರುತ್ತದೆ" ಎಂದು ನಕ್ಕರು. ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ನಾನು ಕನ್ನಡದಲ್ಲಿ ಕೇಳುವುದು, ಇವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಡೆದೇ ಇತ್ತು.

ಅವರು ಮೊಮ್ಮಗಳಿಗೆ ನನ್ನನ್ನು ತೋರಿಸಿ, "ಇವರು ನಿನ್ನ ನೊನ್ನಾ" ಎಂದರು. ಇವಳು ತಲೆಯಾಡಿಸಿ, "ನೊನ್ನಾ ಅಲ್ಲ, ಅಜ್ಜಿ" ಎಂದಳು. ಅವರು "ಆಜಿ" ಎಂದರು. ಇವಳು ಬಿಡಲಿಲ್ಲ. ನಾಲಿಗೆ ಎಲ್ಲಿ ಒತ್ತಬೇಕೆಂದು ಬಾಯಿ ತೆರೆದು ತೋರಿಸಿ, ಸರಿಯಾಗಿ ಹೇಳುವವರೆಗೂ ಆ ಹಿರಿಯರಿಂದ ನಾಲ್ಕು ಸಲ ಹೇಳಿಸಿದಳು.